ಮಡುವಿನ ಮೀನು, ಅಳಿವೆಯ ಮರಿ

ಪತ್ರಿಕೆಗಳಲ್ಲಿ ‘ಮಡು’ ಎಂಬ ಪದ ಈಗ ಉಳಿದಿರುವುದು ಹೆಚ್ಚಾಗಿ ಅಪರಾಧ ಸುದ್ದಿಯಲ್ಲಿ. ಯಾರೋ ‘ರಕ್ತದ ಮಡುವಿನಲ್ಲಿ’ ಬಿದ್ದಿರುತ್ತಾರೆ. ಕಥೆ ಕಾದಂಬರಿಗೆ ಬಂದರೆ ದುಃಖ ಮಡುಗಟ್ಟುತ್ತದೆ, ಮೌನ ಮಡುಗಟ್ಟುತ್ತದೆ. ನೀರು ಮಡುಗಟ್ಟಿದ್ದನ್ನು ಓದಿ ಬಹಳ ದಿನವಾಯಿತು. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯಲ್ಲಿ ಬೆಳೆದ ನನಗೆ ಇದು ಸಂಕಟದ ಸಂಗತಿ. ನಾನು ಈ ಪದ ಕಲಿತದ್ದು ನೀರಿನಿಂದಲೇ. ಹೊಳೆಗೆ ಹೊರಟರೆ ಅಜ್ಜಿ ಬೆನ್ನ ಹಿಂದಿನಿಂದ ಕೂಗುತ್ತಿದ್ದಳು: “ಆ ಕಡಿ ಹೋಗಬ್ಯಾಡೋ, ಅಲ್ಲಿ ಮಡು ಅದ.”

ಮಡು ಎಂದರೆ ಹೊಳೆಯ ಪಾತ್ರದಲ್ಲಿ ನೀರು ಆಳವಾಗಿ ನಿಂತ ಜಾಗ. ಬಂಡೆಯ ಬುಡದಲ್ಲೋ ಹೊಳೆ ತಿರುಗುವ ಮಗ್ಗುಲಲ್ಲೋ ಪ್ರವಾಹ ವರ್ಷವರ್ಷವೂ ಕೊರೆದು ಮಾಡಿದ ಗುಂಡಿ ಅದು. ಮೇಲೆ ನೀರು ಅಲುಗದಂತೆ ಕಾಣುತ್ತದೆ, ಒಳಗೆ ಸುಳಿ ಇರುತ್ತದೆ. ತಮಿಳಿನಲ್ಲೂ ಇದು ಮಡು, ತೆಲುಗಿನಲ್ಲಿ ಮಡುಗು. ಅರ್ಥ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅಂದರೆ ಈ ಭಾಷೆಗಳು ಬೇರೆಬೇರೆ ಮನೆ ಹೂಡುವ ಮೊದಲೇ ಈ ಪದ ಹುಟ್ಟಿದ್ದಿರಬೇಕು. ಭೀಮೆ ನಮಗೆ ಮಹಾರಾಷ್ಟ್ರದಿಂದ ಹರಿದು ಬರುತ್ತಾಳೆ, ಅಲ್ಲಿ ಇದೇ ಜಾಗಕ್ಕೆ ಡೋಹ ಎನ್ನುತ್ತಾರೆ. ತುಕಾರಾಮರ ಅಭಂಗಗಳ ಹಸ್ತಪ್ರತಿಯನ್ನು ಮುಳುಗಿಸಿದರೆಂದು ಭಕ್ತರು ಹೇಳುವುದು ದೇಹುವಿನ ಇಂದ್ರಾಯಣಿಯ ಡೋಹದಲ್ಲಿ. ಆ ಇಂದ್ರಾಯಣಿ ಮುಂದೆ ಭೀಮೆಯನ್ನೇ ಸೇರುತ್ತದೆ.

ಕನ್ನಡದ ನೆನಪಿನಲ್ಲಿ ಮಡುವಿಗೆ ಒಳ್ಳೆಯ ಹೆಸರಿಲ್ಲ. ಕಾಳಿಂಗ ಸರ್ಪ ವಿಷ ಕಾರುತ್ತ ಇದ್ದದ್ದು ಮಡುವಿನಲ್ಲಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲಿನ ಐತಿಹ್ಯದಲ್ಲಿ, ಅಲಮೇಲಮ್ಮ ಕಾವೇರಿಗೆ ಹಾರುವ ಮುನ್ನ ತಲಕಾಡಿಗೆ ಮರಳಿನ ಶಾಪವನ್ನೂ ಮಾಲಂಗಿಗೆ ಮಡುವಿನ ಶಾಪವನ್ನೂ ಕೊಟ್ಟಳು. ಊರು ಮರಳಾಗುವುದು ಎಷ್ಟು ಕೇಡೋ ಮಡುವಾಗುವುದೂ ಅಷ್ಟೇ ಕೇಡು! ಈಜು ಬಾರದವರಿಗೆ, ದನ ಮೈತೊಳೆಯುವವರಿಗೆ, ನೀರು ತರುವ ಹೆಂಗಸರಿಗೆ ಮಡು ಸಾವಿನ ಬಾಯಿ. ಪದದ ಮೇಲೆ ಆ ಭಯದ ನೆರಳು ಬಿದ್ದದ್ದು ಸಹಜ. ನೆತ್ತರಿಗೆ, ದುಃಖಕ್ಕೆ ಅದು ಅಂಟಿಕೊಂಡದ್ದೂ ಹೀಗೆಯೇ.

ಆದರೆ ಬಲೆ ಹಾಕುವವರ ಬಾಯಲ್ಲಿ ಇದೇ ಪದದ ದನಿ ಬೇರೆ. ಗಾಣಗಾಪುರದ ಹತ್ತಿರ, ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಸೇರುವ ಸಂಗಮದ ಕೆಳಗೆ, ವಯಸ್ಸಾದ ಅಂಬಿಗರೊಬ್ಬರು ಒಂದು ಬೇಸಿಗೆ ನನ್ನನ್ನು ದಂಡೆಯ ಮೇಲೆ ಕೂರಿಸಿ ಮಡುವಿನ ಅಂಚು ತೋರಿಸಿದರು. ಜೊಂಡಿನ ಪಕ್ಕ ನೀರಿನ ಮೇಲೆ ಒಂದು ಹಿಡಿ ಕುಂಕುಮ ಚೆಲ್ಲಿದಂತಿತ್ತು. ಅದು ಒಮ್ಮೆ ಮುಳುಗುತ್ತಿತ್ತು, ಒಮ್ಮೆ ಏಳುತ್ತಿತ್ತು. ಕೊರವ ಮೀನಿನ ಮರಿಗಳು ಅವು, ನೂರಾರು, ಒಂದೊಂದೂ ಜೀರಿಗೆಯಷ್ಟು, ಗಾಳಿ ಕುಡಿಯಲು ಒಟ್ಟಾಗಿ ಮೇಲೆ ಬರುತ್ತಿದ್ದವು. “ಕೆಳಗ ನೋಡ್ರಿ,” ಎಂದರು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಮರಿಗಳ ಕೆಳಗೆ ಮೊಳದುದ್ದದ ಕಪ್ಪು ನೆರಳು ಕಾವಲು ನಿಂತಿತ್ತು. ಕೊರವ ಮರಿ ಕಾಯುವ ಮೀನು. ಆ ದಿನಗಳಲ್ಲಿ ಅದರ ಮೇಲೆ ಗಾಳ ಹಾಕಿದರೆ ಇಡೀ ಸಂಸಾರವೇ ಹೋದಂತೆ. “ಈ ಹೊತ್ತಿನ್ಯಾಗ ಹಿಡಿಯೂದಿಲ್ರಿ ನಾವು,” ಎಂದರು ಅವರು.

ಭೀಮೆ ಮಳೆಗಾಲದ ನದಿ. ಭೀಮಾಶಂಕರದಿಂದ ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವ ತನಕ 861 ಕಿಲೋಮೀಟರ್ ಹರಿಯುವ ಹೊಳೆ ನಮ್ಮಲ್ಲಿ ಬೇಸಿಗೆ ಬಂತೆಂದರೆ ತುಂಡುತುಂಡಾಗುತ್ತದೆ. ನಡುವೆ ಮರಳು ಕಾದು ಕೆಂಡವಾದಾಗ ದೊಡ್ಡ ಮೀನುಗಳಿಗೆ ಆಸರೆ ಮಡುವೊಂದೇ. ಮಿರಗದ ಮಳೆಗೆ ಹೊಸ ನೀರು ಬಂದಾಗ ಅಲ್ಲಿಂದಲೇ ಹೊರಟು, ದಂಡೆಯ ತೆಳುನೀರಿನಲ್ಲಿ, ಮುಳುಗಿದ ಹುಲ್ಲಿನ ನಡುವೆ ಮೊಟ್ಟೆ ಇಡುತ್ತವೆ. ಹೀಗೆ ವರ್ಷದ ಮೀನೆಲ್ಲ ಬೇಸಿಗೆಯಲ್ಲಿ ಉಳಿದ ಕೆಲವೇ ಮಡುಗಳ ಋಣ.

ಇದೇ ಮಾತನ್ನು ಸಮುದ್ರದ ಕಡೆಯಿಂದ ನೋಡಿದರೆ ಇನ್ನೊಂದು ಕನ್ನಡ ಪದ ಸಿಗುತ್ತದೆ. ಕರಾವಳಿಯವರು ನದಿ ಕಡಲು ಸೇರುವ ಬಾಯಿಗೆ ಅಳಿವೆ ಎನ್ನುತ್ತಾರೆ. ಮಲಯಾಳದ ಅೞಿ, ಅೞಿಮುಖ ಅದರ ನೆಂಟರು. ಬಯಲುಸೀಮೆಯ ನಮ್ಮ ಕಿವಿಗೆ ಅದು ‘ಅಳಿವು’ ಎಂದೇ ಕೇಳಿಸುತ್ತದೆ. ನದಿ ಅಲ್ಲಿ ಮುಗಿದುಹೋಗುತ್ತದಲ್ಲ! ಮಂಗಳೂರಿನಲ್ಲಿ, ನೇತ್ರಾವತಿಯೂ ಫಲ್ಗುಣಿಯೂ ಕಡಲಿಗೆ ಬೀಳುವ ಜಾಗದ ಹೆಸರು ಇಂದಿಗೂ ಅಳಿವೆ ಬಾಗಿಲು. ದೋಣಿಯವರಿಗೆ ಅದು ಭಯದ ಬಾಗಿಲೇ. ಮರಳ ದಿಬ್ಬ ಜಾಗ ಬದಲಿಸುತ್ತದೆ, ಅಲೆ ದೋಣಿಯನ್ನು ಮಗುಚುತ್ತದೆ.

ಆದರೆ ಸೀಗಡಿಯನ್ನು ಕೇಳಿ. ಕಡಲ ಸೀಗಡಿ ಮೊಟ್ಟೆ ಇಡುವುದು ತೆರೆದ ಸಮುದ್ರದಲ್ಲಿ. ಕಣ್ಣಿಗೆ ಕಂಡೂ ಕಾಣದ ಮರಿ ಉಬ್ಬರದ ನೀರು ಹತ್ತಿ ಅಳಿವೆಯೊಳಗೆ ಬರುತ್ತದೆ. ಅಲ್ಲಿ ಉಪ್ಪು ಕಡಿಮೆ, ಕೆಸರಿನಲ್ಲಿ ತಿನ್ನಲು ಬೇಕಾದಷ್ಟು. ಕಾಂಡ್ಲ ಗಿಡದ ಬೇರುಗಳ ಸಂದಿಗೆ ದೊಡ್ಡ ಮೀನು ನುಗ್ಗಲಾರದು. ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೋಗುತ್ತದೆ. ಎಷ್ಟೋ ಜಾತಿಯ ಮೀನುಗಳ ಬಾಳೂ ಹೀಗೆಯೇ. ಕುಮಟಾದ ಅಘನಾಶಿನಿಯ ಅಳಿವೆಯಲ್ಲಿ ಇದನ್ನು ಅರಿತೇ ಜನ ಗಜನಿ ಭೂಮಿ ಕಟ್ಟಿದರು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ದೊಡ್ಡ ಅಣೆಕಟ್ಟು ಕಾಣದ ಆ ನದಿಯ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಮರಿಗಳು ಬೆಳೆಯುವ ಇಂಥ ಜಾಗವನ್ನು ಮೀನಿನ ತೊಟ್ಟಿಲು ಎನ್ನುವುದುಂಟು. ಆದರೆ ಮರಿ ಕಂಡಲ್ಲೆಲ್ಲ ತೊಟ್ಟಿಲು ಎನ್ನಲಾಗದು ಎಂದು 2001ರಲ್ಲಿ ವಿಜ್ಞಾನಿ ಮೈಕೆಲ್ ಬೆಕ್ ಮತ್ತು ಸಂಗಡಿಗರು ವಾದಿಸಿದರು. ಅಷ್ಟೇ ಅಗಲದ ಬೇರೆ ಜಾಗಕ್ಕಿಂತ ಹೆಚ್ಚು ಮರಿಗಳನ್ನು ಬೆಳೆಸಿ ದೊಡ್ಡ ಮೀನುಗಳ ಬಳಗಕ್ಕೆ ಕಳಿಸುವುದೇ ನಿಜವಾದ ತೊಟ್ಟಿಲು. ಅದನ್ನು ಪತ್ತೆ ಮಾಡುವ ಒಂದು ದಾರಿ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು. ಅದು ಪದರಪದರವಾಗಿ ಬೆಳೆಯುತ್ತದೆ, ಮರಿಯಾಗಿದ್ದಾಗ ಈಜಿದ ನೀರಿನ ಗುರುತು ಒಳಪದರದಲ್ಲಿ ಉಳಿದಿರುತ್ತದೆ. ಆಳ ಸಮುದ್ರದಲ್ಲಿ ಹಿಡಿದ ಮೀನನ್ನು ಹೀಗೆ ಅದರ ಅಳಿವೆಯ ತನಕ ಹಿಂಬಾಲಿಸಬಹುದು. ‘ರಕ್ತದ ಮಡು’ ಎಂಬ ಮಾತಿನ ಒಳಪದರದಲ್ಲೂ ಹೊಳೆಯ ನೀರಿದೆ.

ಭೀಮೆಯ ಮಡುಗಳು ಈಗ ಒಂದೊಂದಾಗಿ ಹೋಗುತ್ತಿವೆ. ಅಫಜಲಪುರ, ಜೇವರ್ಗಿ ಎರಡೂ ಕಡೆ ಮರಳು ತೆಗೆದು ತೆಗೆದು ಹೊಳೆಯ ಪಾತ್ರವೇ ಕದಡಿದೆ. ಆಳವೇನೋ ಇದೆ, ಕೆಲವೆಡೆ ಮೊದಲಿಗಿಂತ ಹೆಚ್ಚೇ ಇದೆ. ಅಂಥದ್ದೊಂದನ್ನು ತೋರಿಸಿ, ಇದೂ ಮಡುವೇ ಅಲ್ಲವೇ ಎಂದು ಆ ಹಿರಿಯರನ್ನು ಕೇಳಿದೆ.

“ಇದು ಮಡು ಅಲ್ರಿ, ತೆಗ್ಗು,” ಎಂದರು. ಮಡುವಿಗೆ ಬಂಡೆಯ ಗೋಡೆ ಇರುತ್ತದೆ, ಅಂಚಿನಲ್ಲಿ ಜೊಂಡು ಬೆಳೆಯುತ್ತದೆ. ತೆಗ್ಗಿನ ದಂಡೆ ಕುಸಿಯುತ್ತದೆ, ಒಂದು ಪ್ರವಾಹಕ್ಕೆ ಹೂಳು ತುಂಬುತ್ತದೆ. ಮೊದಲಿನ ಮಡು ಎಲ್ಲಿತ್ತು ಎಂದಾಗ ಅವರು ಟಿಪ್ಪರ್ ಗಾಲಿಯ ಗುರುತಿದ್ದ ಮರಳಿನ ಕಡೆ ಕೈ ಮಾಡಿದರು. ಹೋದ ವರ್ಷ ಕುಂಕುಮ ಚೆಲ್ಲಿದಂತೆ ಮರಿ ಆಡಿದ್ದು ಅಲ್ಲೇ.