ಒಂದೇ ನಾಳದ ಮೇಲೆ ವಿಷವೂ ಮದ್ದೂ: ಹುಮನಾಬಾದ್–ಬಸವಕಲ್ಯಾಣ ಸೀಮೆಯ ಚೇಳುಕಡಿತ ಮತ್ತು ಲಿಗ್ನೊಕೇನ್

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳಲ್ಲಿ ಜಂಬಿಟ್ಟಿಗೆಯ ದಿಣ್ಣೆಗಳೂ ಎರೆಹೊಲಗಳೂ ಒಂದರ ಪಕ್ಕ ಒಂದಿವೆ. ಹಳೆಯ ಕಲ್ಲುಗೋಡೆಯ ಸಂದು, ಕುಳ್ಳಿನ ಒಟ್ಟಿಲು, ತೊಗರಿ ಕಟ್ಟಿಗೆಯ ರಾಶಿ ಇವೆಲ್ಲ ಚೇಳಿಗೆ ಹೇಳಿ ಮಾಡಿಸಿದ ತಾವು. ದಖ್ಖನ್ನಿನ ವೈದ್ಯರು ಹೆಚ್ಚು ಅಂಜುವುದು ಹಾಟೆಂಟೋಟಾ ಟ್ಯಾಮ್ಯುಲಸ್ ಎಂಬ ಕೆಂಪು ಚೇಳಿಗೆ. ಸ್ಥಳೀಯ ಅರಿವಳಿಕೆ ಎಂದೊಡನೆ ಹಲ್ಲು ಕೀಳುವುದೋ ಗಾಯಕ್ಕೆ ಹೊಲಿಗೆ ಹಾಕುವುದೋ ನೆನಪಾಗುತ್ತದೆ. ಆದರೆ ಕಡಿದ ಬೆರಳಿನ ಉರಿ ತಡೆಯಲಾರದೆ ಬಂದವರಿಗೆ ಕೊಡುವುದೂ ಅದೇ ಲಿಗ್ನೊಕೇನ್. ಈ ಔಷಧದ ಶಕ್ತಿ ಮತ್ತು ಮಿತಿ ಎರಡೂ ಚೇಳುಕಡಿತದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣವು ಎಂಬುದು ಈ ಲೇಖನದ ವಾದ.

ವಿಷವೈದ್ಯ ಕನ್ನಡಕ್ಕೆ ಹೊಸದಲ್ಲ. ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ 14ನೆಯ ಶತಮಾನದಲ್ಲೇ ವಿಷಗಳಿಗೆಂದು ಮೀಸಲಾಗಿ ಬಂದ ಗ್ರಂಥ. ನೋವಿನ ಸುದ್ದಿಯನ್ನು ನರದಲ್ಲೇ ತಡೆಯುವ ವಿದ್ಯೆ ಮಾತ್ರ ಬಹಳ ಈಚಿನದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದ. 1948ರಿಂದ ಅದು ಝೈಲೋಕೇನ್ ಹೆಸರಲ್ಲಿ ಮಾರಾಟಕ್ಕೆ ಬಂತು.

ನರತಂತುವಿನ ಪೊರೆಯಲ್ಲಿ ಸೋಡಿಯಂ ನಾಳಗಳಿವೆ. ಅವು ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲಿ ನಾಳ ತಾನಾಗಿ ನಿಷ್ಕ್ರಿಯವಾಗುತ್ತದೆ. ಚೇಳಿನ ವಿಷದಲ್ಲಿರುವ ಆಲ್ಫಾ ವರ್ಗದ ಪೆಪ್ಟೈಡುಗಳು ನಾಳದ ಹೊರಮೈಗೆ ಅಂಟಿಕೊಂಡು ಈ ನಿಷ್ಕ್ರಿಯತೆಯನ್ನೇ ತಡೆಯುತ್ತವೆ. ಬಾಗಿಲು ಮುಚ್ಚದಂತೆ ಕಾಲು ಅಡ್ಡ ಕೊಟ್ಟ ಹಾಗೆ. ನರ ಬಿಡುವಿಲ್ಲದೆ ಮಿಡಿಯುತ್ತದೆ, ಉರಿ ಏರುತ್ತದೆ. ಲಿಗ್ನೊಕೇನ್ ಅದೇ ನಾಳವನ್ನು ಒಳಗಿನಿಂದ ಹಿಡಿಯುತ್ತದೆ. ವಿದ್ಯುದಾವೇಶವಿಲ್ಲದ ಅಣುಗಳು ಪೊರೆಯನ್ನು ದಾಟಿ ಒಳಹೊಕ್ಕು, ಅಲ್ಲಿ ಆವೇಶ ಪಡೆದು, ನಾಳದ ಒಳರಂಧ್ರದಲ್ಲಿ ಕೂರುತ್ತವೆ. ಪದೇ ಪದೇ ತೆರೆಯುವ ನಾಳಕ್ಕೆ ಅದು ಹೆಚ್ಚು ಅಂಟುವುದರಿಂದ ಕೆರಳಿದ ನರವೇ ಮೊದಲು ಸುಮ್ಮನಾಗುತ್ತದೆ.

ಔಷಧ ಕೆಲವೊಮ್ಮೆ ‘ಹಿಡಿಯದಿರುವ’ ಕಾರಣವೂ ಇಲ್ಲೇ ಇದೆ. ಲಿಗ್ನೊಕೇನಿನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳು ಆವೇಶ ಪಡೆದಿರುವ ಪಿಎಚ್, 7.9. ದೇಹದ ಸಹಜ ಪಿಎಚ್ 7.4ರಲ್ಲಿ ಅದರ ಸುಮಾರು ಕಾಲುಭಾಗ ಮಾತ್ರ ಪೊರೆ ದಾಟುವ ರೂಪದಲ್ಲಿರುತ್ತದೆ. ಕೀವು ತುಂಬಿ ಆಮ್ಲೀಯವಾದ ಜಾಗದಲ್ಲಿ, ಪಿಎಚ್ 6.9 ಎಂದುಕೊಂಡರೆ, ಅದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಕುರು ಕೊಯ್ಯುವಾಗ ರೋಗಿ ಚೀರಿದರೆ ಅವನನ್ನು ಅಂಜುಬುರುಕನೆನ್ನುವ ಮೊದಲು ಈ ಲೆಕ್ಕ ನೆನೆಯಬೇಕು. ಅಲ್ಲಿಯೇ ಮತ್ತಷ್ಟು ಔಷಧ ಸುರಿಯುವ ಬದಲು ಕೀವಿನಿಂದ ದೂರ, ನರದ ಬುಡದಲ್ಲಿ ಕೊಡುವುದು ಲೇಸು.

ಚೇಳಿನ ವಿಷಯಕ್ಕೆ ಮರಳೋಣ. ಲಿಗ್ನೊಕೇನ್ ವಿಷವನ್ನು ಕಿತ್ತುಹಾಕುವುದಿಲ್ಲ. ವಿಷ ರಕ್ತಕ್ಕೆ ಸೇರಿದರೆ ದೇಹದಲ್ಲಿ ಅಡ್ರಿನಲಿನ್, ನಾರ್ ಅಡ್ರಿನಲಿನ್ ಉಕ್ಕಿ ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವವರೆಗೆ ಹೋಗಬಹುದು. ರಾಯಗಡ ಜಿಲ್ಲೆಯ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಾಜೋಸಿನ್ ಗುಳಿಗೆಯ ಉಪಯೋಗವನ್ನು ತೋರಿಸಿಕೊಟ್ಟದ್ದು ಈ ಘಟ್ಟಕ್ಕೆ. ಸಣ್ಣ ಊರಿನ ವೈದ್ಯರೊಬ್ಬರ ಈ ಕೆಲಸ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಗಿ ಜಗತ್ತಿನ ಚಿಕಿತ್ಸಾಕ್ರಮವನ್ನೇ ಬದಲಿಸಿತು. ನೋವಿನ ತೀವ್ರತೆಯೂ ವಿಷದ ತೀವ್ರತೆಯೂ ಜೊತೆಜೊತೆಗೆ ಸಾಗುವುದಿಲ್ಲ. ಬೆರಳು ಮರಗಟ್ಟಿ ಮುಖದಲ್ಲಿ ಗೆಲುವು ಕಂಡ ಮಾತ್ರಕ್ಕೆ ರೋಗಿಯನ್ನು, ಅದರಲ್ಲೂ ಮಗುವನ್ನು, ಮನೆಗೆ ಕಳಿಸುವುದು ಅಪಾಯ. ನಾಡಿ, ರಕ್ತದೊತ್ತಡ, ಅಂಗೈಯ ಬಿಸಿ ಇವನ್ನು ಮತ್ತೆ ಮತ್ತೆ ನೋಡುತ್ತ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಬೇಕು.

ಯಾವ ಅರಿವಳಿಕೆ ಎಂಬ ಆಯ್ಕೆಯಲ್ಲೂ ವಿವೇಕ ಬೇಕು. ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನನ್ನು ಬೆರಳಿಗೆ ಕೊಡಲೇಬಾರದು ಎಂಬ ಹಳೆಯ ಕಟ್ಟಳೆಯನ್ನು ಕೈಶಸ್ತ್ರಚಿಕಿತ್ಸಕರು ಈಗ ಸಡಿಲಿಸಿದ್ದಾರೆ. ಆರೋಗ್ಯವಂತರ ಬೆರಳಿಗೆ ಅದು ಸರಿ. ಚೇಳು ಕಡಿದವರ ರಕ್ತದಲ್ಲಿ ಅದೇ ಹಾರ್ಮೋನು ಆಗಲೇ ಉಕ್ಕುತ್ತಿರಬಹುದಾದ್ದರಿಂದ ಇಲ್ಲಿ ಹಳೆಯ ಕಟ್ಟಳೆಯೇ ಇರಲಿ. ಹೆಚ್ಚು ಹೊತ್ತು ನಿಲ್ಲುತ್ತದೆಂದು ಬುಪಿವಕೇನ್ ಕೊಡುವ ಆಸೆಯೂ ಸಹಜ. ಆದರೆ ಹೃದಯದ ಸೋಡಿಯಂ ನಾಳಕ್ಕೆ ಲಿಗ್ನೊಕೇನ್ ಬೇಗ ಅಂಟಿ ಬೇಗ ಬಿಡುತ್ತದೆ, ಬುಪಿವಕೇನ್ ಬೇಗ ಅಂಟಿ ತಡವಾಗಿ ಬಿಡುತ್ತದೆ. 1979ರಲ್ಲಿ ಜಾರ್ಜ್ ಆಲ್ಬ್ರೈಟ್ ಎಚ್ಚರಿಸಿದ ಹೃದಯಸ್ತಂಭನಗಳ ಹಿನ್ನೆಲೆ ಇದೇ. ವಿಷದಿಂದ ಬಳಲುತ್ತಿರಬಹುದಾದ ಹೃದಯಕ್ಕೆ ಈ ಹೊರೆ ಬೇಡ.

ಪ್ರಮಾಣದ ವಿಷಯದಲ್ಲಿ ತಪ್ಪಾಗುವುದು ಹೆಚ್ಚಾಗಿ ಮಿಲಿಲೀಟರಿನಲ್ಲಿ ಯೋಚಿಸುವುದರಿಂದ. ಶೇ. 2ರ ಲಿಗ್ನೊಕೇನಿನ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ ಔಷಧವಿದೆ, 30 ಮಿ.ಲೀ. ಶೀಶೆಯಲ್ಲಿ 600. ಅಡ್ರಿನಲಿನ್ ಇಲ್ಲದಿದ್ದರೆ ಕಿಲೋ ತೂಕಕ್ಕೆ 4.5 ಮಿ.ಗ್ರಾಂ ಎಂದು ಕೆಲವರು, 3 ಮಿ.ಗ್ರಾಂ ಎಂದು ಕೆಲವರು ಗರಿಷ್ಠ ಮಿತಿ ಹೇಳುತ್ತಾರೆ. ನೆರವು ದೂರವಿರುವ ಕಡೆ ಕಡಿಮೆಯದನ್ನೇ ಒಪ್ಪುವುದು ಜಾಣತನ. ಆ ಲೆಕ್ಕದಲ್ಲಿ 12 ಕಿಲೋ ತೂಕದ ಮಗುವಿಗೆ ಮಿತಿ 36 ಮಿ.ಗ್ರಾಂ, ಅಂದರೆ 1.8 ಮಿ.ಲೀ. ಮಾತ್ರ. ಶೇ. 1ಕ್ಕೆ ತೆಳುಮಾಡಿಕೊಂಡರೆ 3.6 ಮಿ.ಲೀ. ಸಿಗುತ್ತದೆ, ಪುಟ್ಟ ಬೆರಳಿಗೆ ಅದು ಧಾರಾಳ. ಸೂಜಿ ಚುಚ್ಚಿದ ಮೇಲೆ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿ, ಸ್ವಲ್ಪ ಸ್ವಲ್ಪವಾಗಿ, ರೋಗಿಯನ್ನು ಮಾತಾಡಿಸುತ್ತ ಕೊಡಬೇಕು. ತುಟಿ ಜುಮುಗುಟ್ಟುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬಾಯಲ್ಲಿ ಲೋಹದ ರುಚಿ, ತೊದಲು ಇವು ಔಷಧ ಮೆದುಳಿಗೆ ಮುಟ್ಟಿದ ಮೊದಲ ಸುಳಿವುಗಳು. ಮುಂದಿನದು ಅಪಸ್ಮಾರದಂಥ ಸೆಳೆತ, ಆಮೇಲೆ ಹೃದಯದ ಲಯ ತಪ್ಪುವುದು.

ಅಂಥ ಹೊತ್ತಿಗೆ ಆಮ್ಲಜನಕ, ಸೆಳೆತಕ್ಕೆ ಮಿಡಾಝೊಲಾಮ್, ಜೊತೆಗೆ ಶೇ. 20ರ ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರವ) ಬೇಕು. 1998ರಲ್ಲಿ ಗೈ ವೈನ್‌ಬರ್ಗ್ ಇಲಿಗಳಲ್ಲಿ ಇದರ ಗುಣ ತೋರಿಸಿದರು. 2006ರಲ್ಲಿ ಮನುಷ್ಯನಲ್ಲಿ ಫಲ ಕೊಟ್ಟ ಮೊದಲ ವರದಿ ಬಂತು. ಮೊದಲಿಗೆ ಕಿಲೋಗೆ 1.5 ಮಿ.ಲೀ., ಅಂದರೆ 60 ಕಿಲೋ ತೂಕದವರಿಗೆ 90 ಮಿ.ಲೀ.; ನಂತರ ಹನಿಯಾಗಿ ನಿಮಿಷಕ್ಕೆ ಕಿಲೋಗೆ 0.25 ಮಿ.ಲೀ. ಹೃದಯ ನಿಂತರೆ ಅಡ್ರಿನಲಿನನ್ನು ಎಂದಿನ ಪ್ರಮಾಣಕ್ಕಿಂತ ಬಹಳ ಕಡಿಮೆ ಕೊಡಬೇಕು. ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹುಮನಾಬಾದಿಗೆ ಸುಮಾರು 50, ಬಸವಕಲ್ಯಾಣಕ್ಕೆ ಸುಮಾರು 80 ಕಿ.ಮೀ. ದೂರ. ಹೃದಯ ಅಷ್ಟು ಹೊತ್ತು ಕಾಯದು. ಲಿಪಿಡ್ ಬಾಟಲಿ ಇರಬೇಕಾದ್ದು ಜಿಲ್ಲಾ ಕೇಂದ್ರದ ದಾಸ್ತಾನಿನಲ್ಲಲ್ಲ, ಲಿಗ್ನೊಕೇನ್ ಶೀಶೆ ಇರುವ ಕಪಾಟಿನಲ್ಲೇ. ರೋಗಿಯನ್ನು ಮುಂದಕ್ಕೆ ಕಳಿಸುವಾಗ ಚೀಟಿಯಲ್ಲಿ ಕಡಿದ ಹೊತ್ತು, ಪ್ರಾಜೋಸಿನ್ ಕೊಟ್ಟ ಹೊತ್ತು, ಲಿಗ್ನೊಕೇನ್ ಎಷ್ಟು ಮಿಲಿಗ್ರಾಂ ಎಂಬುದು ಬರೆದಿರಬೇಕು. ‘ಲೋಕಲ್ ಕೊಟ್ಟಿದೆ’ ಎಂದಷ್ಟೇ ಇದ್ದರೆ, ಅಲ್ಲಿ ಸೆಳೆತ ಕಾಣಿಸಿಕೊಂಡಾಗ ಅದು ವಿಷದ್ದೋ ಮದ್ದಿನದ್ದೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.