ಲೆಕ್ಕ ಬರೆಯುವವರಿಗೆ ಕೂಲಿ ಯಾರು ಕೊಡಬೇಕು?

ಎರಡು ಪಿಜ್ಜಾಗಳ ಕಥೆಯನ್ನು ನೀವು ಕೇಳಿರಬಹುದು. 2010ರ ಮೇ 22ರಂದು ಅಮೆರಿಕದ ಫ್ಲೋರಿಡಾದಲ್ಲಿದ್ದ ಪ್ರೋಗ್ರಾಮರ್ ಒಬ್ಬರು, ತಮಗೆ ಎರಡು ಪಿಜ್ಜಾ ತರಿಸಿಕೊಟ್ಟವರಿಗೆ 10,000 ಬಿಟ್‌ಕಾಯಿನ್ ಕಳುಹಿಸಿದರು. ಆಗ ಅಷ್ಟೂ ನಾಣ್ಯಗಳ ಬೆಲೆ ಸುಮಾರು 41 ಡಾಲರ್. ಈ ಕಥೆ ಹೇಳುವವರೆಲ್ಲ ಆ ನಾಣ್ಯಗಳನ್ನು ಇಂದಿನ ಬೆಲೆಗೆ ಗುಣಿಸಿ ನಿಟ್ಟುಸಿರು ಬಿಡುತ್ತಾರೆ. ನಾನು ತೋರಿಸಬೇಕೆಂದಿರುವುದು ಅದೇ ವಹಿವಾಟಿನ ಇನ್ನೊಂದು ಅಂಕಿಯನ್ನು. ಆ ಹಣ ಸಾಗಿಸಲು ತೆತ್ತ ಶುಲ್ಕ 0.99 ಬಿಟ್‌ಕಾಯಿನ್. ಅಂದಿನ ಲೆಕ್ಕದಲ್ಲಿ ಅದು ಅರ್ಧ ಸೆಂಟ್ ಕೂಡ ಆಗದು. ಅದನ್ನು ಯಾರು ಗಮನಿಸುತ್ತಾರೆ? ಆದರೆ 2017ರ ಡಿಸೆಂಬರ್‌ನಲ್ಲಿ ಅದೇ ಜಾಲದಲ್ಲಿ ಒಂದು ವಹಿವಾಟಿನ ಸರಾಸರಿ ಶುಲ್ಕ 50 ಡಾಲರ್ ದಾಟಿತು. ಬಳಸುವವರು ಇದನ್ನು ಒಪ್ಪಿಕೊಂಡರೇ? ಒಪ್ಪದವರು ಎಲ್ಲಿಗೆ ಹೋದರು?

ಮೊದಲು ಈ ಶುಲ್ಕ ಯಾರಿಗೆ ಸೇರುತ್ತದೆ ಎಂಬುದನ್ನು ನೋಡೋಣ. ಬಿಟ್‌ಕಾಯಿನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಅದು ಯಾವ ಬ್ಯಾಂಕಿನದೂ ಅಲ್ಲ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ‘ಬ್ಲಾಕ್’ ಎಂಬ ಹೊಸ ಪುಟ ಸೇರುತ್ತದೆ. ಪುಟ ಸೇರಿಸುವ ಹಕ್ಕಿಗಾಗಿ ಅಪಾರ ವಿದ್ಯುತ್ ಖರ್ಚುಮಾಡಿ ಪೈಪೋಟಿ ನಡೆಸುವವರಿಗೆ ‘ಮೈನರ್’ಗಳೆಂದು ಹೆಸರು. ಗೆದ್ದವರಿಗೆ ಎರಡು ಬಗೆಯ ಸಂಪಾದನೆ: ಹೊಸದಾಗಿ ಹುಟ್ಟುವ ನಾಣ್ಯಗಳು ಒಂದು, ಆ ಪುಟದಲ್ಲಿ ಜಾಗ ಪಡೆದವರು ಕೊಟ್ಟ ಶುಲ್ಕ ಇನ್ನೊಂದು.

ಹೊಸ ನಾಣ್ಯಗಳ ಲೆಕ್ಕ ನಿಮಗೆ ವಿಜ್ಞಾನದ ಪಾಠವನ್ನು ನೆನಪಿಸೀತು. ವಿಕಿರಣ ಧಾತುವಿನ ಅರ್ಧಾಯುಷ್ಯದ ಹಾಗೆ ಅದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2009ರಲ್ಲಿ ಪುಟಕ್ಕೆ 50 ನಾಣ್ಯ; 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125. ಸುಮಾರು 2140ರ ಹೊತ್ತಿಗೆ ಅದು ಪೂರ್ತಿ ನಿಲ್ಲಬೇಕು. ಆಮೇಲೆ ಮೈನರ್‌ಗಳಿಗೆ ಶುಲ್ಕವೊಂದೇ ಗತಿ.

ಇದು ಯಾರೋ ಆಮೇಲೆ ಕಂಡುಹಿಡಿದ ತೊಡಕಲ್ಲ. ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಹೊರಬಂದ ಒಂಬತ್ತು ಪುಟಗಳ ಪ್ರಬಂಧದಲ್ಲೇ, ಮುಂದೆ ಶುಲ್ಕವೇ ಈ ಕೂಲಿಯ ಭಾರ ಹೊರಬಹುದೆಂಬ ಮಾತಿದೆ. ಸೋಜಿಗವೆಂದರೆ, ಅದೇ ಪ್ರಬಂಧದ ಆರಂಭದಲ್ಲಿ ಇನ್ನೊಂದು ದೂರೂ ಇದೆ: ನಡುವಿನ ಸಂಸ್ಥೆಗಳ ಖರ್ಚಿನಿಂದಾಗಿ ಸಣ್ಣಪುಟ್ಟ ಮೊತ್ತದ ಪಾವತಿಗಳೇ ಅಸಾಧ್ಯವಾಗಿವೆ ಎಂದು. ಚಿಲ್ಲರೆ ಹಣವೂ ಸಾಗಬೇಕು, ಶುಲ್ಕದಿಂದಲೇ ಸಂಸಾರವೂ ನಡೆಯಬೇಕು. ಈ ಎರಡು ಆಸೆಗಳು ಒಂದೇ ಮನೆಯಲ್ಲಿ ಬಾಳಲಾರವು ಎಂಬುದು ತಿಳಿಯಲು ಕೆಲವು ವರ್ಷ ಬೇಕಾಯಿತು.

ಟೆಲಿವಿಷನ್ ಕೆಲಸದಲ್ಲಿರುವ ನನಗೆ ಈ ಶುಲ್ಕದ ರೀತಿ ಹೊಸದೆನಿಸಲಿಲ್ಲ. ಹತ್ತು ಸೆಕೆಂಡಿನ ಜಾಹೀರಾತಿಗೆ ದರ ಕಟ್ಟುವಾಗ ಮಾರುವ ವಸ್ತು ಸಾಬೂನೋ ಕಾರೋ ಎಂದು ಕೇಳುವುದಿಲ್ಲ. ಎಷ್ಟು ಸೆಕೆಂಡು ಎಂದಷ್ಟೇ ಕೇಳುತ್ತಾರೆ. ಬಿಟ್‌ಕಾಯಿನ್ ಪುಟದಲ್ಲೂ ಹಾಗೆಯೇ. ನೀವು ಕಳುಹಿಸುವ ಹಣ ಎಷ್ಟೆಂಬುದು ಮುಖ್ಯವಲ್ಲ, ಪುಟದಲ್ಲಿ ನಿಮ್ಮ ಬರಹ ಹಿಡಿಯುವ ಜಾಗ ಮುಖ್ಯ. ಜಾಗ ಮಿತವಾದ್ದರಿಂದ ಅದು ಸದಾ ಹರಾಜಿನಲ್ಲಿರುತ್ತದೆ. ನಮ್ಮ ಅಂಚೆಯ ಮನಿಯಾರ್ಡರಿಗೆ 20 ರೂಪಾಯಿಗೆ ಒಂದು ರೂಪಾಯಿಯಂತೆ ಕಮಿಷನ್ ಇತ್ತು. ಮನೆಯ ಹಿರಿಯರನ್ನು ಕೇಳಿ ನೋಡಿ. ಹೆಚ್ಚು ಕಳಿಸಿದವರು ಹೆಚ್ಚು ಕೊಡುತ್ತಿದ್ದರು. ಇಲ್ಲಿ 20 ಡಾಲರ್ ಶುಲ್ಕವೆಂದರೆ, ಹತ್ತು ಲಕ್ಷ ಡಾಲರ್ ಸಾಗಿಸುವವರಿಗೆ ಅದು ಧೂಳು. ಪರದೇಶದಲ್ಲಿ ದುಡಿದು ಮನೆಗೆ 100 ಡಾಲರ್ ಕಳುಹಿಸುವವರಿಗೆ ಐದರಲ್ಲಿ ಒಂದು ಪಾಲು. ಇಂಥ ಬಡ ದುಡಿಮೆಗಾರರ ಹೆಸರು ಹೇಳಿಯೇ ಈ ಹಣವನ್ನು ಆರಂಭದಲ್ಲಿ ಹೊಗಳಿದ್ದರು ಎಂಬುದನ್ನು ಮರೆಯಬಾರದು.

ಪುಟವನ್ನು ದೊಡ್ಡದು ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. 2015ರಿಂದ 2017ರವರೆಗೆ ನಡೆದ ಜಗಳ ಇದೇ. ಪುಟಕ್ಕೆ ಒಂದು ಮೆಗಾಬೈಟಿನ ಮಿತಿಯನ್ನು 2010ರಲ್ಲಿ ಹಾಕಿದವರು ನಾಕಾಮೊಟೊ ಅವರೇ. ಅದರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಏಳು ವಹಿವಾಟು ಹಿಡಿಯುತ್ತವೆ. ಮಿತಿ ಏರಿಸಿ, ಶುಲ್ಕ ಇಳಿಯಲಿ, ಜನ ಬರಲಿ ಎಂದಿತು ಒಂದು ಪಕ್ಷ. ಪುಟ ದೊಡ್ಡದಾದರೆ ಪುಸ್ತಕ ಬೆಳೆದು ಸಾಮಾನ್ಯರ ಕಂಪ್ಯೂಟರಿನಲ್ಲಿ ಹಿಡಿಯದು, ಕೊನೆಗೆ ನಾಲ್ಕಾರು ಕಂಪನಿಗಳ ಕೈಗೆ ಸೇರುತ್ತದೆ ಎಂದಿತು ಇನ್ನೊಂದು. ಎರಡೂ ಮಾತಿನಲ್ಲಿ ಹುರುಳಿತ್ತು. 2017ರ ಆಗಸ್ಟ್ 1ರಂದು ಮೊದಲ ಪಕ್ಷದವರು ಬೇರೆಯಾಗಿ, ಎಂಟು ಮೆಗಾಬೈಟಿನ ಪುಟದ ‘ಬಿಟ್‌ಕಾಯಿನ್ ಕ್ಯಾಶ್’ ಕಟ್ಟಿಕೊಂಡರು. ಅದೇ ತಿಂಗಳು ಹಳೆಯ ಮನೆಯಲ್ಲಿ, ಪುಟದಲ್ಲಿ ತುಸು ಹೆಚ್ಚು ಜಾಗ ಹೊಂದಿಸುವ ‘ಸೆಗ್‌ವಿಟ್’ ಎಂಬ ತಿದ್ದುಪಡಿ ಜಾರಿಗೆ ಬಂತು.

ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಅಪರೂಪ. ಪಕ್ಕಪಕ್ಕದಲ್ಲೇ ಎರಡು ಅಂಗಡಿ, ಒಂದರಲ್ಲಿ ಶುಲ್ಕ ಅಗ್ಗ, ಇನ್ನೊಂದರಲ್ಲಿ ದುಬಾರಿ. ಬಹುಪಾಲು ಜನ ಅಗ್ಗದ ಕಡೆಗೆ ಹೋಗಲಿಲ್ಲ! ಬಿಟ್‌ಕಾಯಿನ್ ಕ್ಯಾಶ್‌ನ ಬೆಲೆ ಮೂಲದ ಸಣ್ಣ ಪಾಲಾಗಿಯೇ ಉಳಿಯಿತು.

ಹಾಗಾದರೆ ಶುಲ್ಕವನ್ನು ಒಪ್ಪಿಕೊಂಡರು ಎನ್ನೋಣವೇ? ಅವಸರ ಬೇಡ. ವಿಡಿಯೋ ಆಟಗಳನ್ನು ಮಾರುವ ‘ಸ್ಟೀಮ್’ 2016ರಲ್ಲಿ ಬಿಟ್‌ಕಾಯಿನ್ ಸ್ವೀಕರಿಸತೊಡಗಿದಾಗ ಶುಲ್ಕ ಸುಮಾರು 20 ಸೆಂಟ್ ಇತ್ತು. 2017ರ ಡಿಸೆಂಬರ್ 6ರಂದು ಅದು ಈ ವ್ಯವಸ್ಥೆಯನ್ನು ಕೈಬಿಟ್ಟಿತು. ಶುಲ್ಕ 20 ಡಾಲರಿನ ಹತ್ತಿರ ಬಂದಿದೆ, ಬೆಲೆಯೂ ಏರಿಳಿಯುತ್ತಿದೆ ಎಂದು ಕಾರಣ ಕೊಟ್ಟಿತು. 2018ರ ಜನವರಿಯಲ್ಲಿ ಮಯಾಮಿಯ ಬಿಟ್‌ಕಾಯಿನ್ ಸಮ್ಮೇಳನವೇ ಕೊನೆಯ ಗಳಿಗೆಯ ಟಿಕೆಟ್ಟುಗಳಿಗೆ ಬಿಟ್‌ಕಾಯಿನ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಮದುವೆಮನೆಯಲ್ಲಿ ಮದುಮಗನಿಗೇ ಊಟವಿಲ್ಲದ ಹಾಗೆ!

ನನ್ನ ತಿಳಿವಳಿಕೆಯಂತೆ, ಏರಿದ ಶುಲ್ಕ ಜನರನ್ನು ಕಡಿಮೆ ಮಾಡಲಿಲ್ಲ, ಆರಿಸಿತು. ಕೊಳ್ಳುವ, ಕೊಡುವ ಚಿಲ್ಲರೆ ಗಿರಾಕಿಗಳು ಹೊರಬಿದ್ದರು. ಬೆಲೆ ಏರುತ್ತದೆಂದು ಕೊಂಡು ಇಟ್ಟುಕೊಳ್ಳುವವರು ಉಳಿದರು. ವರ್ಷಕ್ಕೊಮ್ಮೆ ಸಾಗಿಸುವವರಿಗೆ 20 ಡಾಲರ್ ಏನು ಮಹಾ? ದಿನವೂ ಕೊಂಡು ಮಾರುವವರೋ ವಿನಿಮಯ ಕೇಂದ್ರಗಳ ಒಳಗೇ ವ್ಯವಹರಿಸಿದರು. ಆ ಕೇಂದ್ರಗಳು ತಮ್ಮದೇ ಖಾತೆಯಲ್ಲಿ ಲೆಕ್ಕ ಬರೆದುಕೊಳ್ಳುತ್ತವೆ, ಮೂಲ ಪುಸ್ತಕವನ್ನು ಮುಟ್ಟುವುದೇ ಇಲ್ಲ. ನಡುವಿನವರನ್ನು ಕಳೆಯಲು ಹೊರಟ ಹಣಕ್ಕೆ ನಡುವಿನವರೇ ಆಸರೆಯಾದರು. ಸಣ್ಣ ಪಾವತಿಗಾಗಿ ‘ಲೈಟ್ನಿಂಗ್’ ಎಂಬ ಮೇಲುಜಾಲ 2018ರಲ್ಲಿ ಬಳಕೆಗೆ ಬಂತು. ಅದರಲ್ಲಿ ಶುಲ್ಕ ಅತ್ಯಲ್ಪ, ಆದರೆ ಮೈನರ್‌ಗಳ ಕೈಸೇರುವುದೂ ಅಷ್ಟೇ ಅಲ್ಪ.

ಇನ್ನು ಲಾಭದ ಆಸೆ ಹುಟ್ಟಿದರೆ ಶುಲ್ಕ ಕಣ್ಣಿಗೇ ಬೀಳುವುದಿಲ್ಲ. 2022ರ ಮೇ ಆರಂಭದಲ್ಲಿ ಇಥೀರಿಯಂ ಜಾಲದಲ್ಲಿ ‘ಅದರ್‌ಸೈಡ್’ ಎಂಬ ಕಾಲ್ಪನಿಕ ಲೋಕದ ಸೈಟುಗಳು ಮಾರಾಟಕ್ಕೆ ಬಂದಾಗ, ಕೆಲವೇ ಗಂಟೆಗಳಲ್ಲಿ 15 ಕೋಟಿ ಡಾಲರಿಗೂ ಹೆಚ್ಚು ಹಣ ಬರೀ ಶುಲ್ಕಕ್ಕೆ ಹೋಯಿತು. ಬಿಟ್‌ಕಾಯಿನ್‌ನಲ್ಲಿ 2024ರ ಏಪ್ರಿಲ್ 20ರಂದು, ನಾಣ್ಯ ಅರ್ಧಕ್ಕಿಳಿದ ಗಳಿಗೆಯಲ್ಲೇ ‘ರೂನ್ಸ್’ ಎಂಬ ಹೊಸ ಟೋಕನ್ ಸೃಷ್ಟಿಸುವ ನೂಕುನುಗ್ಗಲಿನಿಂದ ಒಂದೇ ಪುಟಕ್ಕೆ 37 ಬಿಟ್‌ಕಾಯಿನ್‌ಗೂ ಮಿಕ್ಕಿ ಶುಲ್ಕ ಸೇರಿತು. ಅಂದಿನ ಹೊಸ ನಾಣ್ಯಗಳ ಹತ್ತುಪಟ್ಟಿಗೂ ಹೆಚ್ಚು! ಕೆಲವೇ ವಾರಗಳಲ್ಲಿ ಆ ಸಂಭ್ರಮ ಇಳಿಯಿತು, ಶುಲ್ಕವೂ ಇಳಿಯಿತು.

ನಮ್ಮಲ್ಲೂ ಇದರ ಒಂದು ತುಣುಕು ಕಾಣಸಿಕ್ಕಿತು. 2022ರ ಜುಲೈ 1ರಿಂದ ಇಂಥ ಆಸ್ತಿಗಳ ವರ್ಗಾವಣೆಗೆ ನೂರಕ್ಕೆ ಒಂದರಂತೆ ಮೂಲದಲ್ಲೇ ತೆರಿಗೆ ಕಡಿತ ಬಂದಾಗ, ದೇಶದ ವಿನಿಮಯ ಕೇಂದ್ರಗಳ ವಹಿವಾಟು ಕುಸಿಯಿತು. ಬಹಳ ಮಂದಿ ವಿದೇಶಿ ಕೇಂದ್ರಗಳತ್ತ ಹೊರಳಿದರು. ಅದು ತೆರಿಗೆ, ಶುಲ್ಕವಲ್ಲ, ನಿಜ. ಆದರೆ ಪಕ್ಕದಲ್ಲಿ ಬೇರೆ ಬಾಗಿಲು ತೆರೆದಿದ್ದರೆ ಜನ ಏನು ಮಾಡುತ್ತಾರೆಂಬುದು ಅಲ್ಲಿಯೂ ಕಂಡಿತು.

ಇನ್ನೂ ತೀರದ ಲೆಕ್ಕವೊಂದಿದೆ. ದಿನಕ್ಕೆ ಸುಮಾರು 144 ಪುಟಗಳು, ಪುಟಕ್ಕೆ 3.125ರಂತೆ ದಿನಕ್ಕೆ 450 ಹೊಸ ನಾಣ್ಯಗಳು. ಮೈನರ್‌ಗಳ ಜೀವನ ಸದ್ಯಕ್ಕೆ ನಡೆಯುತ್ತಿರುವುದು ಇವುಗಳಿಂದಲೇ. ಸಾಮಾನ್ಯ ದಿನಗಳಲ್ಲಿ ಶುಲ್ಕದ ಪಾಲು ತೀರ ಕಡಿಮೆ. 2028ರ ಸುಮಾರಿಗೆ ಈ 450 ಎಂಬುದು 225 ಆಗಲಿದೆ. ಅಷ್ಟರೊಳಗೆ ಬೆಲೆ ಏರದಿದ್ದರೆ, ಕೊರತೆಯನ್ನು ತುಂಬಿಕೊಡಬೇಕಾದವರು ವರ್ಷಗಟ್ಟಲೆ ಒಂದೂ ವಹಿವಾಟು ಮಾಡದೆ ನಾಣ್ಯ ಬಚ್ಚಿಟ್ಟುಕೊಂಡು ಕೂತವರೇ. ಅವರೋ ಶುಲ್ಕ ಕಟ್ಟುವುದು ಕದಲಿದಾಗ ಮಾತ್ರ.