ಯರವಡಾದ ಗೋಡೆಗಳು ಮತ್ತು ಕೈದಿಯ ಹಟ

ಟಾಟಾ ಕಂಪನಿಯ ಅಣೆಕಟ್ಟಿಗೆ ಹೊಲ ಬಿಟ್ಟುಕೊಡಲೊಪ್ಪದ, ಪುಣೆ ಬಳಿಯ ಮುಳಶಿಯ ಸತ್ಯಾಗ್ರಹಿಗಳು 1920ರ ದಶಕದ ಆರಂಭದಲ್ಲಿ ಪುಣೆಯ ಯರವಡಾ ಜೈಲು ಸೇರಿದರು. ಹೇಳಿದ ಕೆಲಸ ಮಾಡಲಿಲ್ಲವೆಂದು ಅವರಲ್ಲಿ ಕೆಲವರಿಗೆ ಛಡಿಯೇಟು ಬಿತ್ತು. ಅದೇ ಜೈಲಿನಲ್ಲಿದ್ದ ಗಾಂಧೀಜಿ, ಅವರೊಡನೆ ಮಾತಾಡಲು ಬಿಡಿ ಎಂದು ಅಧಿಕಾರಿಗಳನ್ನು ಕೇಳಿದರು. ಬಿಡುಗಡೆಯಾದ ಮೇಲೆ 1924ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಈ ಪ್ರಸಂಗವನ್ನೂ, ಶಿಕ್ಷೆಯಲ್ಲಿರುವ ಕೈದಿಗಳನ್ನೇ ಉಳಿದವರ ಕಾವಲಿಗೆ ನಿಲ್ಲಿಸುವ ಪದ್ಧತಿಯನ್ನೂ ವಿವರವಾಗಿ ಬರೆದರು. ಭಾರತದ ಜೈಲನ್ನು ಒಳಗಿನಿಂದ ನೋಡಿದ ಮೊದಮೊದಲ ಗಂಭೀರ ಅಧ್ಯಯನಗಳ ಸಾಲಿಗೆ ನಾನು ಆ ಬರಹಗಳನ್ನು ಸೇರಿಸುತ್ತೇನೆ. ಕೈದಿ ಎದುರು ನಿಲ್ಲುವುದು ಅವನ ಸ್ವಭಾವದಿಂದಲೋ, ಜೈಲಿನ ಏರ್ಪಾಟಿನಿಂದಲೋ ಎಂಬ ಪ್ರಶ್ನೆ ಅಲ್ಲಾಗಲೇ ಎದ್ದಿತ್ತು.

ವಿಶ್ವವಿದ್ಯಾಲಯಗಳು ಈ ಪ್ರಶ್ನೆಗೆ ಬಂದದ್ದು ತಡವಾಗಿ. ಜೈಲಿನ ರೂಢಿಗಳು ಕೈದಿಯ ಮೈಗೆ ಹತ್ತುವ ಬಗೆಯನ್ನು ಅಮೆರಿಕದ ಡೊನಾಲ್ಡ್ ಕ್ಲೆಮ್ಮರ್ 1940ರಲ್ಲಿ ಬರೆದ. 1958ರಲ್ಲಿ ಗ್ರೆಶಮ್ ಸೈಕ್ಸ್ ಇನ್ನೂ ಆಳಕ್ಕಿಳಿದ. ಸ್ವಾತಂತ್ರ್ಯ, ವಸ್ತು, ಸಂಗ, ಸ್ವಂತ ನಿರ್ಧಾರ, ಸುರಕ್ಷತೆ, ಈ ಐದನ್ನೂ ಕಿತ್ತುಕೊಂಡಾಗ ಕೈದಿಗಳು ತಮ್ಮದೇ ಕಟ್ಟುಪಾಡು ಕಟ್ಟಿಕೊಳ್ಳುತ್ತಾರೆ ಎಂದ. ಕಾವಲುಗಾರನ ಅಧಿಕಾರ ಹೊರಗಿನಿಂದ ಪೂರ್ಣವಾಗಿ ಕಂಡರೂ ಒಳಗೆ ಅದು ಕೈದಿಗಳೊಂದಿಗಿನ ಕೊಡುಕೊಳ್ಳುವಿಕೆಯ ಮೇಲೆ ನಿಂತಿರುತ್ತದೆ ಎಂಬುದು ಅವನ ದೊಡ್ಡ ಕಾಣಿಕೆ. ಯರವಡಾದ ಕೈದಿ-ಕಾವಲುಗಾರರ ಬಗ್ಗೆ ಓದಿದವರಿಗೆ ಇದು ಹೊಸದೆನಿಸದು. 1962ರಲ್ಲಿ ಅರ್ವಿನ್ ಮತ್ತು ಕ್ರೆಸ್ಸಿ, ಹೊರಗಿನ ಬದುಕೂ ಕೈದಿಯ ಜೊತೆಗೇ ಒಳಗೆ ಬರುತ್ತದೆ ಎಂದು ತಿದ್ದಿದರು.

ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರರನ್ನಾಗಿ ಮಾಡಿದ 1971ರ ಸ್ಟ್ಯಾನ್‌ಫರ್ಡ್ ಪ್ರಯೋಗ ಎಲ್ಲಕ್ಕಿಂತ ಹೆಸರಾಯಿತು. ಎರಡು ವಾರಕ್ಕೆಂದು ಆರಂಭಿಸಿದ್ದನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಕಾವಲುಗಾರರ ಕ್ರೌರ್ಯದ ಕಥೆಯಾಗಿ ಅದು ಉಳಿದಿದೆ. ಎರಡನೆಯ ದಿನವೇ ‘ಕೈದಿಗಳು’ ಬಾಗಿಲಿಗೆ ಮಂಚ ಅಡ್ಡವಿಟ್ಟು ಬಂಡೆದ್ದದ್ದು ಮಾತ್ರ ಯಾರ ನೆನಪಿನಲ್ಲೂ ಇಲ್ಲ. ಕಾವಲುಗಾರರಿಗೆ ಮೊದಲೇ ಸೂಚನೆ ಕೊಡಲಾಗಿತ್ತೆಂಬ ಟೀಕೆ ಈಚೆಗೆ ಬಲವಾಗಿದೆ. ಹ್ಯಾಸ್ಲಮ್ ಮತ್ತು ರೈಕರ್ ಬಿಬಿಸಿಗಾಗಿ ಮಾಡಿದ ಅಂಥದೇ ಪ್ರಯೋಗದಲ್ಲಿ ಕೈದಿಗಳೇ ಒಂದಾಗಿ ವ್ಯವಸ್ಥೆಯನ್ನು ಬೀಳಿಸಿದರು.

ಫ್ರೆಂಚ್ ಚಿಂತಕ ಫೂಕೋನ 1975ರ ಪುಸ್ತಕ ಜೈಲನ್ನು ಶಿಸ್ತಿನ ಯಂತ್ರವಾಗಿ ಕಂಡಿತು. ಆದರೆ ನಮ್ಮ ವಸಾಹತು ಜೈಲುಗಳಲ್ಲಿ ಆ ಯಂತ್ರ ಅಷ್ಟು ಸಲೀಸಾಗಿ ಓಡಲಿಲ್ಲ ಎಂದು ಇತಿಹಾಸಕಾರ ಡೇವಿಡ್ ಅರ್ನಾಲ್ಡ್ ತೋರಿಸಿದರು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫ್ಫರ್‌ಪುರ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆ ಚೊಂಬು ಕಸಿದು ಮಣ್ಣಿನದು ಕೊಟ್ಟಾಗ ದಂಗೆಯೇ ಎದ್ದಿತು. ಚೊಂಬಿನ ಹಿಂದೆ ಜಾತಿಯ ಮಡಿಯಿತ್ತು. ಅದನ್ನು ಬಿಡದ ಹಟವೂ ಪ್ರತಿರೋಧವೇ ಎಂಬುದು ಇಲ್ಲಿನ ಓದನ್ನು ಕಠಿಣಗೊಳಿಸುತ್ತದೆ.

1932ರಲ್ಲಿ ಪ್ರತಿರೋಧದ ದಿಕ್ಕೇ ತಿರುಗಿತು. ಸತ್ಯಾಗ್ರಹಿ ಅಪ್ಪಾಸಾಹೇಬ ಪಟವರ್ಧನರು ರತ್ನಾಗಿರಿ ಜೈಲಿನಲ್ಲಿ ತಾವೇ ಪಾಯಖಾನೆ ಶುಚಿ ಮಾಡುವುದಾಗಿ ಹೇಳಿದರು. ಮೇಲುಜಾತಿಯವರಿಗೆ ಆ ಕೆಲಸವಿಲ್ಲ ಎಂದಿತು ಜೈಲು. ಅವರ ಬೆಂಬಲಕ್ಕೆ, ಮತ್ತೆ ಯರವಡಾದಲ್ಲಿ ಕೈದಿಯಾಗಿದ್ದ ಗಾಂಧೀಜಿ ಡಿಸೆಂಬರ್ ಆರಂಭದಲ್ಲಿ ಉಪವಾಸ ಕೂತರು. ಪುಣೆ ಒಪ್ಪಂದ ತಂದ ಸೆಪ್ಟೆಂಬರಿನ ಉಪವಾಸದ ನೆರಳಿನಲ್ಲಿ ಇದು ಮರೆತೇಹೋಗಿದೆ. ಜೈಲು ಜಾತಿಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ, ನಿಯಮವಾಗಿಯೇ ಬರೆದಿಟ್ಟಿತ್ತು. ಕೆಲಸವನ್ನು ಜಾತಿ ನೋಡಿ ಹಂಚುವ ಜೈಲು ಕೈಪಿಡಿಗಳ ಅಂಥ ನಿಯಮಗಳು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಅಪ್ಪಾಸಾಹೇಬರ ಹಟದಿಂದ ಲೆಕ್ಕ ಹಾಕಿದರೆ ತೊಂಬತ್ತೆರಡು ವರ್ಷ.

ಗೋಡೆ ಸಡಿಲಿಸಿದರೆ ನಡತೆ ಬದಲಾದೀತೇ ಎಂದು ಪರೀಕ್ಷಿಸಿದ್ದೂ ಮಹಾರಾಷ್ಟ್ರದ ಸೀಮೆಯಲ್ಲೇ. ಔಂಧ್ ಸಂಸ್ಥಾನ 1939ರಲ್ಲಿ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಜೈಲು ತೆರೆಯಿತು. ಅದೇ ವಿ. ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ. 1950ರ ದಶಕದಲ್ಲಿ ಯರವಡಾದಲ್ಲೂ ಬಯಲು ಜೈಲು ಬಂತು.

ಈಚಿನ ಬರಹಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು, ಯರವಡಾದಲ್ಲಿ ಕೈದಿಯಾಗಿದ್ದ ವಕೀಲೆ ಸುಧಾ ಭಾರದ್ವಾಜರ 2023ರ ಪುಸ್ತಕ. ಅಲ್ಲಿನ ಫಾಶಿ ಯಾರ್ಡಿನ, ಅಂದರೆ ಗಲ್ಲು ಶಿಕ್ಷೆಯವರ ವಿಭಾಗದ, ಸರಳುಗಳಾಚೆ ಕಂಡ ಹೆಂಗಸರನ್ನು ಅವರು ಒಬ್ಬೊಬ್ಬರಾಗಿ ಬರೆದಿದ್ದಾರೆ. ಆ ಪುಟಗಳನ್ನು ಓದುವಾಗ ನೆನಪಾಗುವುದು ಸ್ಟ್ಯಾಂಟನ್ ವೀಲರ್‌ನ 1961ರ ಅಧ್ಯಯನ. ಕೈದಿ ಶಿಕ್ಷೆಯ ನಡುವೆ ಒಳಗಿನ ಕಟ್ಟುಪಾಡಿಗೆ ಒಗ್ಗುತ್ತಾನೆ, ಬಿಡುಗಡೆ ಹತ್ತಿರವಾದಂತೆ ಮತ್ತೆ ಹೊರಗಿನ ನಡತೆಗೆ ಮರಳುತ್ತಾನೆ ಎಂದಾತ ಕಂಡ. ಬಿಡುಗಡೆಯ ದಿನ ಗೊತ್ತಿದ್ದವರ ಮೇಲಿನ ಅಧ್ಯಯನವದು. ನಮ್ಮಲ್ಲಿ 2022ರ ಕೊನೆಗೆ ಕೈದಿಗಳಲ್ಲಿ ಶೇ. 75.8ರಷ್ಟು ಜನ ವಿಚಾರಣಾಧೀನರು, ಜೈಲುಗಳಲ್ಲಿ ಇದ್ದವರು ಅವುಗಳ ಸಾಮರ್ಥ್ಯದ ಶೇ. 131. ವಿಚಾರಣಾಧೀನರ ಮುಂದಿರುವುದು ಬಿಡುಗಡೆಯ ದಿನವಲ್ಲ, ಕೋರ್ಟಿನ ಮುಂದಿನ ತಾರೀಖು ಮಾತ್ರ. ಆ ಕಾಯುವಿಕೆ ಮನುಷ್ಯರನ್ನು ಏನು ಮಾಡುತ್ತದೆ ಎಂಬುದಕ್ಕೆ ವೀಲರ್‌ನ ನಕ್ಷೆಯಲ್ಲಿ ಗೆರೆಯಿಲ್ಲ.